ಆಸ್ಪತ್ರೆಯಿಂದ ಮರಳಿದವರ ಯೋಗಕ್ಷೇಮ: ದೂರದಿಂದ ವಿಚಾರಿಸಿಕೊಳ್ಳುವ ಕ್ರಮ

ಎತ್ತಿಗೆ ಜಾಡ್ಯ ತಗುಲಿ ಪಶುವೈದ್ಯರು ಔಷಧವನ್ನು ಕೊಟ್ಟು ಹೋದರೆ, ಆ ರಾತ್ರಿ ರೈತನು ಎರಡು ಬಾರಿಯಾದರೂ ಎದ್ದು ಕೊಟ್ಟಿಗೆಗೆ ಹೋಗಿ ನೋಡುತ್ತಾನೆ. ಮಾರನೆಯ ದಿನ ಬೆಳಗಾಗುವುದರೊಳಗೆ ನೆರೆಹೊರೆಯವರು ಬಂದು, ಮೇವು ಮುಟ್ಟಿತೇ, ಮೆಲುಕು ಹಾಕಿತೇ ಎಂದು ವಿಚಾರಿಸುತ್ತಾರೆ. ವಾರ ಕಳೆದ ಮೇಲೂ ಸಂತೆಯಲ್ಲಿ ಸಿಕ್ಕಿದವರು ಆ ಎತ್ತಿನ ಸುದ್ದಿಯನ್ನು ಕೇಳದೆ ಬಿಡುವುದಿಲ್ಲ. ಆದರೆ ಅದೇ ಊರಿನಲ್ಲಿ ಒಬ್ಬ ಮನುಷ್ಯನು ಬಾಳಿನಲ್ಲಿ ಬೇಸತ್ತು ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿ, ವೈದ್ಯರ ಪ್ರಯತ್ನದಿಂದ ಉಳಿದು, ಜಿಲ್ಲಾ ಆಸ್ಪತ್ರೆಯಿಂದ ಮನೆಗೆ ಮರಳಿದರೆ, ಅವನ ಜಗಲಿಯ ಮುಂದೆ ಹಾದುಹೋಗುವವರು ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಇದು ನಿರ್ದಯೆಯಲ್ಲ, ಏನು ಮಾತನಾಡಬೇಕೆಂಬುದು ತಿಳಿಯದ ಸಂಕೋಚ. ಆ ಸಂಕೋಚವು ಎಷ್ಟು ಬೆಲೆಯುಳ್ಳದ್ದಾಗಿ ಪರಿಣಮಿಸುತ್ತದೆ, ಅದನ್ನು ದಾಟುವ ಸುಲಭವಾದ ಮಾರ್ಗವಾವುದು ಎಂಬುದನ್ನು ಗ್ರಾಮಮುಖಂಡರ ಮತ್ತು ಜಮೀನುದಾರರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಬೀಜ, ಗೊಬ್ಬರ, ಕೀಟಬಾಧೆಗಳ ವಿಷಯವಾಗಿ ಓದಲು ಈ ಪತ್ರಿಕೆಯನ್ನು ತೆರೆಯುವವರಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಅಂಥವರು ಈ ಅಂಕೆಗಳನ್ನು ನೋಡಬೇಕು. ಭಾರತ ಸರ್ಕಾರದ ಅಪರಾಧ ದಾಖಲೆಗಳ ಕಚೇರಿಯವರು ಪ್ರಕಟಿಸಿದ ಲೆಕ್ಕದಂತೆ ೨೦೨೨ನೆಯ ಇಸವಿಯೊಂದರಲ್ಲೇ ದೇಶದಲ್ಲಿ ೧,೭೦,೯೨೪ ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಅವರಲ್ಲಿ ವ್ಯವಸಾಯವನ್ನೇ ನಂಬಿದವರು ೧೧,೨೯೦. ಇವರಲ್ಲಿ ಸ್ವಂತವಾಗಿಯೋ ಗುತ್ತಿಗೆಗೋ ಸಾಗುವಳಿ ಮಾಡುತ್ತಿದ್ದವರು ೫,೨೦೭. ವ್ಯವಸಾಯದ ಕೂಲಿಕಾರರು ೬,೦೮೩. ಕರ್ನಾಟಕದ ಪಾಲು ೨,೩೯೨. ಸಾಲಗಾರ ರೈತನ ಸಂಗತಿಯು ವೃತ್ತಪತ್ರಿಕೆಗಳಲ್ಲಿ ಕಾಣುತ್ತದೆ. ಅವನ ಹೊಲದಲ್ಲಿ ಕಳೆ ಕೀಳುವ ಆಳಿನ ಸಂಗತಿಯು ಅಷ್ಟಾಗಿ ಕಾಣುವುದಿಲ್ಲ. ಲೆಕ್ಕದಲ್ಲಿ ಮಾತ್ರ ಆಳುಗಳೇ ಹೆಚ್ಚಾಗಿದ್ದಾರೆ. ಜಮೀನುದಾರರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಪ್ರಾರ್ಥನೆ.

ಆತ್ಮಹತ್ಯೆಗೆ ಇಂಥದೇ ಒಂದು ಕಾರಣವೆಂದು ಹೇಳುವುದು ಸರಿಯಲ್ಲ. ಸಾಲ, ಬೆಳೆನಾಶ, ಕುಡಿತ, ಮನೆಯೊಳಗಿನ ಕಲಹ, ದೀರ್ಘರೋಗ, ಚಿಕಿತ್ಸೆಯಿಲ್ಲದ ಮನೋವ್ಯಾಧಿ ಇವುಗಳಲ್ಲಿ ಹಲವು ಒಂದಕ್ಕೊಂದು ಹೆಣೆದುಕೊಂಡು ಮನುಷ್ಯನನ್ನು ಇಕ್ಕಟ್ಟಿಗೆ ತಳ್ಳುತ್ತವೆ. ಇವುಗಳಲ್ಲಿ ಅನೇಕವು ಒಬ್ಬ ಗ್ರಾಮಮುಖಂಡನ ಕೈಗೆ ಮೀರಿದವು. ಆದರೆ ವೈದ್ಯರು ಬಹುಕಾಲದಿಂದ ಕಂಡುಕೊಂಡಿರುವ ಒಂದು ಸಂಗತಿಯು ಆತನ ಕೈಗೆ ಎಟಕುವಂತಹುದಾಗಿದೆ. ಹಿಂದೆ ಒಮ್ಮೆ ಇಂಥ ಯತ್ನ ಮಾಡಿ ಬದುಕಿ ಉಳಿದವರಲ್ಲಿಯೇ ಮುಂದಿನ ಅಪಾಯವು ಇತರರಿಗಿಂತ ಹೆಚ್ಚು. ಅದರಲ್ಲಿಯೂ ಆಸ್ಪತ್ರೆಯನ್ನು ಬಿಟ್ಟು ಮನೆಗೆ ಬಂದ ಮೊದಲ ಕೆಲವು ವಾರಗಳು, ಮೊದಲ ಮೂರು ತಿಂಗಳುಗಳು ಬಹು ಸೂಕ್ಷ್ಮವಾದವು. ದೇಹವು ವಾಸಿಯಾಯಿತೆಂದು ಎಲ್ಲರೂ ನೆಮ್ಮದಿಯಿಂದಿರುವ ಕಾಲವೇ ಅದು. ಆಸ್ಪತ್ರೆಗೆ ತಿರುಗಿ ಬರಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರೂ, ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜನರ ಬಾಯಿ ಇವುಗಳಿಗೆ ಹೆದರಿ ಅನೇಕರು ಹೋಗುವುದೇ ಇಲ್ಲ. ರೋಗಿಯು ವೈದ್ಯನ ಬಳಿಗೆ ಬರದಿದ್ದರೆ ವೈದ್ಯನ ಮಾತಾದರೂ ರೋಗಿಯ ಬಳಿಗೆ ಹೋಗಬಾರದೇಕೆ? ಈ ಪ್ರಶ್ನೆಯಿಂದ ಹುಟ್ಟಿದುದೇ ದೂರದಿಂದ ವಿಚಾರಿಸಿಕೊಳ್ಳುವ ಪದ್ಧತಿ.

ಪರೀಕ್ಷೆಗಳು ತೋರಿಸಿದುದು

ಹೊಸ ಗೊಬ್ಬರದ ಗುಣವನ್ನು ತಿಳಿಯುವ ಬಗೆಯನ್ನು ವಾಚಕರು ಬಲ್ಲರು. ಒಂದೇ ಹೊಲದಲ್ಲಿ ಅಕ್ಕಪಕ್ಕದ ಮಡಿಗಳನ್ನು ಆರಿಸಿ, ಕೆಲವಕ್ಕೆ ಗೊಬ್ಬರ ಹಾಕಿ, ಕೆಲವನ್ನು ಹಾಗೆಯೇ ಬಿಟ್ಟು, ಫಸಲನ್ನು ತೂಗಿ ನೋಡುತ್ತೇವೆ. ಒಳ್ಳೆಯ ಮಡಿಗಳಿಗೇ ಗೊಬ್ಬರ ಬೀಳದಂತೆ ಚೀಟಿ ಎತ್ತಿ ನಿರ್ಧರಿಸುತ್ತೇವೆ. ಮನುಷ್ಯರ ವಿಷಯದಲ್ಲಿಯೂ ಇದೇ ಕ್ರಮದಿಂದ ಪರೀಕ್ಷೆಗಳು ನಡೆದಿವೆ. ಮಾಮೂಲು ಚಿಕಿತ್ಸೆಯನ್ನು ಎಲ್ಲರಿಗೂ ಕೊಟ್ಟು, ವಿಚಾರಣೆಯ ಕಾಗದವನ್ನೋ ಕರೆಯನ್ನೋ ಚೀಟಿ ಎತ್ತಿದಂತೆ ಕೆಲವರಿಗೆ ಮಾತ್ರ ಕಳುಹಿಸಿ, ವರ್ಷಗಳವರೆಗೆ ಎರಡು ಗುಂಪುಗಳನ್ನೂ ಗಮನಿಸುತ್ತಾರೆ.

ಇವುಗಳಲ್ಲಿ ಮೊದಲನೆಯದೆಂದು ಎಣಿಸಲ್ಪಡುವುದು ಅಮೆರಿಕಾ ದೇಶದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ೧೯೬೯ನೆಯ ಇಸವಿಯಲ್ಲಿ ಮನೋವೈದ್ಯರಾದ ಡಾಕ್ಟರ್ ಜೆರೋಮ್ ಮೊಟ್ಟೊ ಎಂಬವರು ಆರಂಭಿಸಿದ ಪರೀಕ್ಷೆ. ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆಗೆ ಸೇರಿದ್ದ ಸುಮಾರು ಮೂರು ಸಾವಿರ ಮಂದಿಯಲ್ಲಿ, ಬಿಡುಗಡೆಯಾದ ಮೇಲೆ ಚಿಕಿತ್ಸೆಯನ್ನು ಮುಂದುವರಿಸಲೊಲ್ಲದ ೮೪೩ ಮಂದಿಯನ್ನು ಅವರು ಆರಿಸಿಕೊಂಡರು. ಇವರು ಬಾರದವರು, ಬೇಡವೆಂದವರು. ಎಂದರೆ ಅತ್ಯಂತ ಕಷ್ಟದ ನೆಲ. ಇವರಲ್ಲಿ ೩೮೯ ಮಂದಿಗೆ ಐದು ವರ್ಷಗಳಲ್ಲಿ ೨೪ ಕಾಗದಗಳು ಹೋಗುವಂತೆ ಏರ್ಪಾಡಾಯಿತು: ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಮುಂದಿನ ಎಂಟು ತಿಂಗಳು ಎರಡು ತಿಂಗಳಿಗೊಂದು, ಆ ಮೇಲೆ ನಾಲ್ಕು ವರ್ಷಗಳವರೆಗೆ ಮೂರು ತಿಂಗಳಿಗೊಂದು. ಉಳಿದ ೪೫೪ ಮಂದಿಗೆ ಏನನ್ನೂ ಕಳುಹಿಸಲಿಲ್ಲ.

ಆ ಕಾಗದಗಳಲ್ಲಿ ಉಪದೇಶವಿರಲಿಲ್ಲ, ಪ್ರಶ್ನಾವಳಿಯಿರಲಿಲ್ಲ, ಆಸ್ಪತ್ರೆಗೆ ಬನ್ನಿರೆಂಬ ಒತ್ತಾಯವೂ ಇರಲಿಲ್ಲ. ಎರಡು ಮೂರು ಸಾಲುಗಳಲ್ಲಿ, ತಮ್ಮ ನೆನಪಿದೆ, ತಾವು ಸುಖವಾಗಿರುವಿರೆಂದು ನಂಬಿದ್ದೇವೆ, ಬರೆಯಬೇಕೆಂದು ತೋರಿದರೆ ಬರೆಯಬಹುದು ಎಂಬಷ್ಟೇ ಅಭಿಪ್ರಾಯ. ಪ್ರತಿ ಸಲವೂ ಮಾತುಗಳನ್ನು ಬದಲಾಯಿಸಿ ಬರೆಯುತ್ತಿದ್ದರು. ಆಸ್ಪತ್ರೆಯಲ್ಲಿ ರೋಗಿಯೊಡನೆ ಮಾತನಾಡಿದವರೇ ರುಜು ಹಾಕುತ್ತಿದ್ದರು. ವಿಳಾಸ ಬರೆದ ಲಕ್ಕೋಟೆಯೊಂದನ್ನು ಒಳಗಿಡುತ್ತಿದ್ದರು, ಆದರೆ ಅದರ ಮೇಲೆ ಅಂಚೆಯ ಚೀಟಿಯನ್ನು ಅಂಟಿಸುತ್ತಿರಲಿಲ್ಲ. ಇದು ಜಿಪುಣತನವಲ್ಲ. ಅಂಟಿಸಿದ್ದರೆ, ಉತ್ತರ ಬರೆಯಲೇಬೇಕೆಂಬ ಹಂಗು ಓದಿದವನ ಮೇಲೆ ಬೀಳುತ್ತಿತ್ತು. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರ ಕೆಲಸವು ಫಲಿಸಿದುದರಲ್ಲಿ ಆಶ್ಚರ್ಯವಿಲ್ಲ. ಕಾಗದ ಪಡೆದವರ ಗುಂಪಿನಲ್ಲಿ ಆತ್ಮಹತ್ಯೆಯ ಪ್ರಮಾಣವು ಐದು ವರ್ಷಗಳಲ್ಲಿಯೂ ಕಡಿಮೆಯಾಗಿದ್ದಿತು. ಮೊದಲ ಎರಡು ವರ್ಷಗಳಲ್ಲಿಯಂತೂ ಆ ವ್ಯತ್ಯಾಸವು ಆಕಸ್ಮಿಕವೆಂದು ತಳ್ಳಿಹಾಕಲಾಗದಷ್ಟು ಸ್ಪಷ್ಟವಾಗಿದ್ದಿತು. ಪೂರ್ಣ ವರದಿಯು ೨೦೦೧ರಲ್ಲಿ ಪ್ರಕಟವಾಯಿತು.

ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಪಟ್ಟಣದಲ್ಲಿ, ವಿಷಪ್ರಾಶನದಿಂದ ಆಸ್ಪತ್ರೆಗೆ ಬಂದ ೭೭೨ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷದಲ್ಲಿ ಎಂಟು ಕಾರ್ಡುಗಳನ್ನು ಲಕ್ಕೋಟೆಯಲ್ಲಿಟ್ಟು ಕಳುಹಿಸಿದರು. ೨೦೦೫ರಲ್ಲಿ ಪ್ರಕಟವಾದ ಫಲವು ಮಿಶ್ರವಾಗಿತ್ತು. ಮತ್ತೆ ಯತ್ನಿಸಿದ ಮನುಷ್ಯರ ಸಂಖ್ಯೆಯಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲ. ಅಂಥ ಯತ್ನಗಳ ಒಟ್ಟು ಸಂಖ್ಯೆ ಮಾತ್ರ ಸುಮಾರು ಅರ್ಧಕ್ಕೆ ಇಳಿಯಿತು. ಇರಾನಿನ ತೆಹರಾನ್ ನಗರದಲ್ಲಿ ೨,೩೦೦ ಮಂದಿಯನ್ನು ಕುರಿತು ನಡೆಸಿದ ಇಂಥದೇ ಪರೀಕ್ಷೆಯಲ್ಲಿ (೨೦೧೧) ಸಾವಿನ ಯೋಚನೆಗಳೂ ಯತ್ನಗಳೂ ಎರಡೂ ಕಡಿಮೆಯಾದುವು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿಯೋ, ಗಣನೀಯವಾದ ಪ್ರಯೋಜನವೇ ಕಾಣಲಿಲ್ಲ. ಒಂದು ಸೀಮೆಯಲ್ಲಿ ಚೆನ್ನಾಗಿ ಬಂದ ತಳಿಯು ಇನ್ನೊಂದು ಸೀಮೆಯಲ್ಲಿ ಜೊಳ್ಳಾಗುವುದನ್ನು ಕಂಡಿರುವ ನಾವು ಇದರಿಂದ ಎದೆಗುಂದಬೇಕಾಗಿಲ್ಲ. ಕಾಗದವೇ ದಿವ್ಯೌಷಧವೆಂದು ಉಬ್ಬಬೇಕಾಗಿಯೂ ಇಲ್ಲ.

ನಮಗೆ ಎಲ್ಲಕ್ಕಿಂತ ಸಮೀಪವಾದುದು ವಿಶ್ವ ಆರೋಗ್ಯ ಸಂಸ್ಥೆಯವರು ಐದು ಸ್ಥಳಗಳಲ್ಲಿ ನಡೆಸಿದ ಪರೀಕ್ಷೆ. ಆ ಐದರಲ್ಲಿ ನಮ್ಮ ನೆರೆಯ ಚೆನ್ನೈ ಒಂದು. ಸಿಂಹಳದ ಕೊಲಂಬೊ, ಇರಾನಿನ ಕರಜ್, ಚೀನಾದ ಯುನ್‌ಚೆಂಗ್, ಬ್ರೆಜಿಲಿನ ಕಂಪಿನಾಸ್ ಉಳಿದವು. ಒಟ್ಟು ೧,೮೬೭ ಮಂದಿಯನ್ನು ಎರಡು ಪಾಲಾಗಿ ವಿಂಗಡಿಸಿದರು. ಒಂದು ಪಾಲಿಗೆ ಆಯಾ ಆಸ್ಪತ್ರೆಯ ಮಾಮೂಲು ಚಿಕಿತ್ಸೆ ಮಾತ್ರ. ಇನ್ನೊಂದು ಪಾಲಿಗೆ ಅದರ ಜೊತೆಗೆ, ಬಿಡುಗಡೆಯ ಹೊತ್ತಿಗೆ ಸುಮಾರು ಒಂದು ಗಂಟೆಯ ಕಾಲ ಒಬ್ಬರೊಡನೆ ಏಕಾಂತವಾಗಿ ಕುಳಿತು ತಿಳಿವಳಿಕೆಯ ಮಾತುಕತೆ. ಆ ಮೇಲೆ ಹದಿನೆಂಟು ತಿಂಗಳುಗಳಲ್ಲಿ ಒಂಬತ್ತು ಬಾರಿ ದೂರವಾಣಿಯಿಂದಲೋ ಮನೆಗೆ ಹೋಗಿಯೋ ವಿಚಾರಣೆ. ೨೦೦೮ರಲ್ಲಿ ಪ್ರಕಟವಾದ ಫಲವಿದು: ಹದಿನೆಂಟು ತಿಂಗಳು ಮುಗಿಯುವ ಹೊತ್ತಿಗೆ ಮಾಮೂಲು ಚಿಕಿತ್ಸೆಯ ಪಾಲಿನಲ್ಲಿ ೧೮ ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ವಿಚಾರಿಸಿಕೊಂಡವರ ಪಾಲಿನಲ್ಲಿ ಇಬ್ಬರು. ನೂರಕ್ಕೆ ೨.೨ ಒಂದು ಕಡೆ, ೦.೨ ಇನ್ನೊಂದು ಕಡೆ. ಮತ್ತೆ ಯತ್ನಿಸಿದವರ ಪ್ರಮಾಣವು ಎರಡು ಪಾಲುಗಳಲ್ಲಿಯೂ ಹೆಚ್ಚು ಕಡಮೆ ಒಂದೇ ಆಗಿತ್ತೆಂಬುದನ್ನೂ ಮರೆಮಾಚದೆ ಹೇಳಬೇಕು. ಸಾವುಗಳ ಸಂಖ್ಯೆ ಚಿಕ್ಕದು. ಆದರೂ ಒಂದು ಗಂಟೆಯ ಮಾತು ಮತ್ತು ಒಂಬತ್ತು ಕರೆಗಳ ಖರ್ಚಿಗೆ ಇಷ್ಟು ಫಲವನ್ನು ತೋರಿಸಿದ ಬೇರೆ ಉಪಾಯಗಳು ಹೆಚ್ಚಿಲ್ಲ.

ಒಂಬತ್ತು ಕರೆಗಳ ಕಾಲಕ್ರಮ

ಈ ಪರೀಕ್ಷೆಯಲ್ಲಿ ಅನುಸರಿಸಿದ ಕಾಲಕ್ರಮವನ್ನು ಗಮನವಿಟ್ಟು ನೋಡಬೇಕು: ಬಿಡುಗಡೆಯಾದ ೧, ೨, ೪, ೭, ೧೧ನೆಯ ವಾರಗಳು, ಆ ಮೇಲೆ ೪, ೬, ೧೨, ೧೮ನೆಯ ತಿಂಗಳುಗಳು. ಹೊಸದಾಗಿ ನೆಟ್ಟ ತೆಂಗಿನ ಸಸಿಗೆ ಮೊದಮೊದಲು ಹತ್ತಿರ ಹತ್ತಿರವಾಗಿ ನೀರೆರೆದು, ಬೇರು ಇಳಿದಂತೆಲ್ಲ ಅಂತರವನ್ನು ಹೆಚ್ಚಿಸುವ ಕ್ರಮವೇ ಇದು. ಅಪಾಯವು ಮೊದಲಿನ ವಾರಗಳಲ್ಲಿ ಹೆಚ್ಚಾದುದರಿಂದ ಒಂಬತ್ತರಲ್ಲಿ ಐದು ಕರೆಗಳು ಮೊದಲ ಮೂರು ತಿಂಗಳೊಳಗೇ ಬಂದುಬಿಡುತ್ತವೆ.

ಜ್ಞಾಪಕದಲ್ಲಿಟ್ಟುಕೊಳ್ಳಲು ನಮ್ಮ ಮಳೆಯ ಲೆಕ್ಕವೇ ಸಾಕು. ಒಬ್ಬನು ಜೂನ್ ೧೫ರಂದು, ಮೃಗಶಿರಾ ಮಳೆಯಲ್ಲಿ, ಮನೆಗೆ ಬಂದನೆಂದು ಇಟ್ಟುಕೊಳ್ಳೋಣ. ಮೊದಲ ಕರೆ ಜೂನ್ ೨೨ಕ್ಕೆ, ಆರಿದ್ರಾ ಹುಟ್ಟುವ ಹೊತ್ತಿಗೆ. ಎರಡನೆಯದು ೨೯ಕ್ಕೆ, ಅದೇ ಮಳೆಯಲ್ಲಿ. ಮೂರನೆಯದು ಜುಲೈ ೧೩ಕ್ಕೆ, ಪುನರ್ವಸು. ನಾಲ್ಕನೆಯದು ಆಗಸ್ಟ್ ೩ಕ್ಕೆ, ಆಶ್ಲೇಷಾ ಕಾಲಿಡುವಾಗ. ಐದನೆಯದು ಆಗಸ್ಟ್ ೩೧ಕ್ಕೆ, ಹುಬ್ಬೆ. ಆರನೆಯದು ಅಕ್ಟೋಬರ್ ೧೫ಕ್ಕೆ, ಚಿತ್ತಾ ಮಳೆಯಲ್ಲಿ. ಆಗ ಪೈರು ತೆನೆಗಟ್ಟುತ್ತಿರುತ್ತದೆ, ಅಥವಾ ಕಟ್ಟದೆ ಹೋಗಿರುತ್ತದೆ. ಏಳನೆಯದು ಡಿಸೆಂಬರ್ ೧೫ಕ್ಕೆ, ರಾಗಿಯ ಸೀಮೆಯಲ್ಲಿ ಕಣದ ಕಾಲ. ಎಂಟನೆಯದು ಮರುವರ್ಷದ ಮೃಗಶಿರಾ ಮಳೆಗೆ, ಒಂಬತ್ತನೆಯದು ಮರುವರ್ಷದ ಕಣಕ್ಕೆ. ಹೀಗೆ ಒಂದೂವರೆ ವರ್ಷವು ಎರಡು ಬಿತ್ತನೆಗಳನ್ನೂ ಎರಡು ಸುಗ್ಗಿಗಳನ್ನೂ ಒಳಗೊಳ್ಳುತ್ತದೆ. ಸಾಲದ ಕಂತು, ಬೆಳೆಯ ಧಾರಣೆ, ಮಗಳ ಮದುವೆ ಇವೆಲ್ಲ ಮೇಲೆ ಬರುವ ಕಾಲಗಳೂ ಇವೇ. ಬ್ಯಾಂಕಿನ ನೋಟೀಸು ಬಂದಿತೆಂದು ಗೊತ್ತಾದರೆ, ಸರದಿಗೆ ಕಾಯದೆ ಒಂದು ಕರೆಯನ್ನು ಹೆಚ್ಚಿಗೆ ಮಾಡಿದರೆ ನಷ್ಟವೇನಿಲ್ಲ.

ಕರೆ ಮಾಡತಕ್ಕವರು ಯಾರು?

ಪರೀಕ್ಷೆಗಳಲ್ಲಿ ಈ ಕೆಲಸವನ್ನು ಮಾಡಿದವರು ಡಾಕ್ಟರು, ದಾದಿಯರು, ಮನಶ್ಶಾಸ್ತ್ರ ಬಲ್ಲವರು ಮುಂತಾದ ತರಬೇತಿಯುಳ್ಳವರು. ನಮ್ಮಲ್ಲಿಯೂ ಮೊದಲ ಹಕ್ಕು ಅವರದೇ. ಆದುದರಿಂದ ಗ್ರಾಮಮುಖಂಡನ ಪ್ರಥಮ ಕರ್ತವ್ಯವು ತಾನೇ ವೈದ್ಯನಾಗುವುದಲ್ಲ. ರೋಗಿಯು ಒಪ್ಪಿದರೆ, ಆಸ್ಪತ್ರೆಯಿಂದ ಹೊರಡುವುದಕ್ಕೆ ಮುಂಚೆಯೇ ಮುಂದೆ ವಿಚಾರಿಸುವವರು ಯಾರು, ಯಾವ ದಿನ, ಯಾವ ದೂರವಾಣಿಗೆ ಎಂಬುದನ್ನು ವೈದ್ಯರಿಂದ ಗೊತ್ತುಮಾಡಿಸಿಕೊಳ್ಳುವುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು, ಊರಿನ ಆಶಾ ಕಾರ್ಯಕರ್ತೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ಇವರು ಇದಕ್ಕೆ ಸಿಗುವವರು. ಈ ಜಿಲ್ಲಾ ಕಾರ್ಯಕ್ರಮದ ಮಾದರಿಯು ನಮ್ಮ ಬಳ್ಳಾರಿಯದೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೦ರ ದಶಕದಲ್ಲಿ ಆ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಕೆಲಸವನ್ನು ನೋಡಿಯೇ ೧೯೯೬ರಿಂದ ದೇಶದ ಇತರ ಜಿಲ್ಲೆಗಳಿಗೆ ಅದನ್ನು ವಿಸ್ತರಿಸಲಾಯಿತು.

ಇದಲ್ಲದೆ ೨೦೨೨ನೆಯ ಅಕ್ಟೋಬರ್ ೧೦ರಂದು ಭಾರತ ಸರ್ಕಾರದವರು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದರು. ಅದಕ್ಕೆ ಮಾರ್ಗದರ್ಶನ ಮಾಡುವುದು ನಿಮ್ಹಾನ್ಸ್ ಸಂಸ್ಥೆ. ೧೪೪೧೬ ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಯಾರು ಬೇಕಾದರೂ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಂಕಟದಲ್ಲಿರುವವನೇ ಕರೆಯಬೇಕೆಂದಿಲ್ಲ, ಅವನ ವಿಷಯದಲ್ಲಿ ದಿಗಿಲುಗೊಂಡ ತಾಯಿಯೂ ತಮ್ಮನೂ ಗ್ರಾಮಮುಖಂಡನೂ ಕರೆದು ಸಲಹೆ ಕೇಳಬಹುದು. ಈ ಐದು ಅಂಕೆಗಳನ್ನು ಪಂಚಾಯತಿ ಕಟ್ಟಡದ ಗೋಡೆಯ ಮೇಲೂ, ಹಾಲಿನ ಸಂಘದಲ್ಲಿಯೂ, ಔಷಧಿ ಮಾರುವ ಅಂಗಡಿಯಲ್ಲಿಯೂ ದಪ್ಪಕ್ಷರದಲ್ಲಿ ಬರೆಯಿಸಲು ಒಂದು ಡಬ್ಬಿ ಬಣ್ಣ ಸಾಕು.

ಇಷ್ಟಾದರೂ ಸ್ನೇಹದ ವಿಚಾರಣೆಯೊಂದು ಊರಿನಿಂದಲೂ ಬರಬೇಕು. ಅದನ್ನು ಮಾಡುವವರನ್ನು ಆರಿಸುವಲ್ಲಿ ಒಂದು ಎಚ್ಚರಿಕೆ ಬೇಕು. ಆ ಮನುಷ್ಯನು ಯಾರಿಗೆ ಸಾಲ ತೀರಿಸಬೇಕೋ, ಯಾರ ಜಮೀನಿನಲ್ಲಿ ವಾರಕ್ಕೆ ಮಾಡುತ್ತಿರುವನೋ, ಯಾರ ಬಳಿ ಮುಂಗಡ ಕೂಲಿ ಪಡೆದಿರುವನೋ, ಅವರು ಈ ಕೆಲಸಕ್ಕೆ ತಕ್ಕವರಲ್ಲ. ಅವರ ಮನಸ್ಸು ಎಷ್ಟೇ ಒಳ್ಳೆಯದಾಗಿರಲಿ, ಅವರ ಕರೆಯು ಅವನ ಕಿವಿಗೆ ವಸೂಲಿಯ ಕರೆಯಾಗಿಯೇ ಕೇಳಿಸುತ್ತದೆ. ಜಮೀನುದಾರರಲ್ಲಿ ಅನೇಕರಿಗೆ ಈ ಮಾತು ರುಚಿಸಲಾರದು. ಆದರೂ ಬರೆಯದೆ ಗತ್ಯಂತರವಿಲ್ಲ. ಅಂಥವರು ಮಾಡಬಹುದಾದ ಉಪಕಾರವೆಂದರೆ, ತಮ್ಮ ಬಾಕಿಯನ್ನು ಇಂತಿಷ್ಟು ಕಾಲ ಕೇಳುವುದಿಲ್ಲವೆಂದು ಮೂರನೆಯವರ ಮೂಲಕ ಹೇಳಿಕಳುಹಿಸಿ, ಹಾಗೆಯೇ ನಡೆದುಕೊಳ್ಳುವುದು. ಕರೆಗೆ ಯೋಗ್ಯರಾದವರು ನಿವೃತ್ತ ಉಪಾಧ್ಯಾಯರೋ, ಹಾಲಿನ ಸಂಘದ ಕಾರ್ಯದರ್ಶಿಯೋ, ಓರಗೆಯ ಸ್ನೇಹಿತನೋ ಆಗಿರಬಹುದು. ಒಮ್ಮೆ ಆರಂಭಿಸಿದವರೇ ಕೊನೆಯವರೆಗೂ ನಡೆಸಬೇಕು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಸಲ ಕರೆದರೆ ಅದು ಕಚೇರಿಯ ಕೆಲಸವಾಗುತ್ತದೆ.

ಹೆಂಗಸರ ವಿಷಯದಲ್ಲಿ ತೊಡಕು ಬೇರೆ. ಅನೇಕ ಮನೆಗಳಲ್ಲಿ ದೂರವಾಣಿಯು ಗಂಡನ ಜೇಬಿನಲ್ಲಿಯೋ ಮಗನ ಕೈಯಲ್ಲಿಯೋ ಇರುತ್ತದೆ. ಸೊಸೆಗೆ ಬಂದ ಕರೆಗೆ ಅತ್ತೆಯು ಪಕ್ಕದಲ್ಲಿ ನಿಂತು ಕಿವಿಗೊಟ್ಟರೆ, ಆಕೆಯು ಚೆನ್ನಾಗಿದ್ದೇನೆ ಎನ್ನದೆ ಇನ್ನೇನು ಹೇಳಿಯಾಳು? ಇಲ್ಲಿ ಕರೆಗಿಂತ ಆಶಾ ಕಾರ್ಯಕರ್ತೆಯ ಭೇಟಿಯೇ ಮೇಲು. ಅಥವಾ ನೀರಿಗೆ ಹೋಗುವ ಹೊತ್ತು, ಸ್ತ್ರೀಶಕ್ತಿ ಸಂಘದ ಸಭೆಯ ಹೊತ್ತು ಇವುಗಳನ್ನು ಆಕೆಯನ್ನೇ ಕೇಳಿ ಗೊತ್ತುಮಾಡಿಕೊಳ್ಳಬೇಕು.

ಏನು ಮಾತನಾಡಬೇಕು?

ಮಾತು ಚಿಕ್ಕದಾಗಿರಲಿ. "ಅಣ್ಣಾ, ನಿಮ್ಮ ನೆನಪಾಯಿತು, ಕರೆದೆ. ಈಗ ಮಾತನಾಡಲು ಬಿಡುವಿದೆಯೆ?" ಎಂದು ಮೊದಲು ಕೇಳಬೇಕು. ನಿದ್ರೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಡಾಕ್ಟರು ಕೊಟ್ಟ ಮಾತ್ರೆ ಮುಗಿದಿದೆಯೇ ಎಂಬ ಮೂರು ಪ್ರಶ್ನೆಗಳಿಂದ ಬಹಳ ತಿಳಿಯುತ್ತದೆ. ಆ ಮೇಲೆ ಸುಮ್ಮನಿದ್ದು ಕೇಳಬೇಕು. ನಮ್ಮಲ್ಲಿ ಹಿರಿಯರಾದವರಿಗೆ ಇದೇ ಕಷ್ಟವಾದುದು; ಎದುರಿನವನು ಎರಡು ಮಾತು ಹೇಳುವುದರೊಳಗೆ ಬುದ್ಧಿವಾದವು ನಾಲಗೆಯ ತುದಿಗೆ ಬಂದಿರುತ್ತದೆ. ಹೆಂಡತಿ ಮಕ್ಕಳ ಮುಖ ನೋಡಬಾರದಾಗಿತ್ತೇ, ಗಂಡಸಾಗಿ ಹೀಗೆ ಮಾಡಬಹುದೇ ಎಂಬ ಮಾತುಗಳು ಅವನು ತನ್ನನ್ನು ತಾನೇ ಹಗಲಿರುಳು ಕೇಳಿಕೊಳ್ಳುತ್ತಿರುವ ಮಾತುಗಳೇ. ಅವುಗಳನ್ನು ಹೊರಗಿನಿಂದ ಮತ್ತೆ ಹೇರಬಾರದು.

ಸಾವಿನ ವಿಷಯವನ್ನು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂಬ ಭಯವು ಸರ್ವತ್ರ ಇರುತ್ತದೆ. ವೈದ್ಯರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕೇಳುವುದರಿಂದ ಯೋಚನೆಯು ಹೆಚ್ಚುವುದೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದುದರಿಂದ ಮಾತಿನಲ್ಲಿ ಬಹಳ ನಿರಾಸೆ ಕಂಡರೆ, "ಬದುಕುವುದೇ ಬೇಡವೆಂದು ಮತ್ತೆ ಮನಸ್ಸಿಗೆ ಬರುತ್ತಿದೆಯೇ?" ಎಂದು ಮೆಲ್ಲಗೆ, ನೇರವಾಗಿ ಕೇಳಬಹುದು. ಹೌದೆಂದರೆ ಗಾಬರಿಯಿಂದ ಬೈಯಬಾರದು, ಆಣೆಪ್ರಮಾಣ ಮಾಡಿಸಬಾರದು. ಕರೆಯನ್ನು ಕಡಿಯದೆ ಮಾತನಾಡುತ್ತಲೇ ಇದ್ದು, ಇನ್ನೊಬ್ಬರನ್ನು ಆ ಮನೆಗೆ ಓಡಿಸಿ ಅವನೊಬ್ಬನೇ ಇರದಂತೆ ಮಾಡಬೇಕು. ೧೪೪೧೬ಕ್ಕೂ ಹತ್ತಿರದ ವೈದ್ಯರಿಗೂ ತಿಳಿಸಬೇಕು. ಪ್ರಾಣಾಪಾಯವು ಕೂಡಲೇ ಇದ್ದರೆ ೧೦೮ರ ಆಂಬುಲೆನ್ಸು ಅಥವಾ ೧೧೨.

ಓದುಬರಹ ಬಲ್ಲವರಿಗೆ ಕಾಗದವು ಕರೆಗಿಂತ ಹಿತವೆನಿಸಬಹುದು. ಬೇಕಾದಾಗ ತೆಗೆದು ಓದಿಕೊಳ್ಳಬಹುದಷ್ಟೆ. ಬರೆಯುವ ರೀತಿಗೆ ಒಂದು ಮಾದರಿ: "ಶ್ರೀಯುತರಿಗೆ ನಮಸ್ಕಾರ. ತಾವು ಊರಿಗೆ ಬಂದು ಒಂದು ತಿಂಗಳಾಯಿತು. ಈ ದಿನ ತೋಟದಲ್ಲಿ ಕುಳಿತಿದ್ದಾಗ ತಮ್ಮ ನೆನಪಾಗಿ ಈ ನಾಲ್ಕು ಸಾಲು. ಇಲ್ಲಿ ಅವರೆಗೆ ಹೂ ಬಂದಿದೆ. ಉತ್ತರ ಬರೆಯಬೇಕೆಂದೇನೂ ಇಲ್ಲ. ಮಾತನಾಡಬೇಕೆನಿಸಿದರೆ ಸಂಜೆ ನಾನು ಮನೆಯಲ್ಲಿಯೇ ಇರುತ್ತೇನೆ." ಇದನ್ನು ಬಯಲು ಕಾರ್ಡಿನಲ್ಲಿ ಬರೆಯದೆ ಲಕ್ಕೋಟೆಯಲ್ಲಿಡಬೇಕು. ನ್ಯೂಕ್ಯಾಸಲಿನವರು ಕಾರ್ಡುಗಳನ್ನು ಲಕ್ಕೋಟೆಯಲ್ಲಿಟ್ಟುದು ಸುಮ್ಮನೆ ಅಲ್ಲ. ಓದು ಬಾರದವರಿಗೆ ಕಾಗದ ಬೇಡ. ಅದನ್ನು ಓದಿ ಹೇಳುವವರು ಊರಿಗೆಲ್ಲ ಹೇಳಿಬಿಟ್ಟಾರು.

ಕಾನೂನಿನ ಭಯ

ವಿಷ ಸೇವಿಸಿದವರನ್ನು ಹೊಟ್ಟೆನೋವೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಸೇರಿಸುವುದು, ಪೊಲೀಸರ ಭಯದಿಂದ ರಾತ್ರೋರಾತ್ರಿ ಕರೆದುಕೊಂಡು ಬರುವುದು ಇಂದಿಗೂ ನಡೆಯುತ್ತಿದೆ. ಹೀಗೆ ಬಂದವರಿಗೆ ಮುಂದಿನ ವಿಚಾರಣೆಯ ಏರ್ಪಾಡು ಯಾವುದೂ ಇರುವುದಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ೧೧೫ನೆಯ ಕಲಮಿನಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರವಾದ ಒತ್ತಡಕ್ಕೆ ಸಿಕ್ಕಿದ್ದರೆಂದೇ, ಬೇರೆ ರೀತಿಯಾಗಿ ರುಜುವಾತಾಗದ ಹೊರತು, ಭಾವಿಸತಕ್ಕದ್ದು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯ. ಅಂಥ ಯತ್ನವನ್ನು ಶಿಕ್ಷಾರ್ಹವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ ೩೦೯ನೆಯ ಕಲಮು, ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನನ್ನು ತನ್ನ ಕರ್ತವ್ಯದಲ್ಲಿ ನಿರ್ಬಂಧಿಸುವುದಕ್ಕಾಗಿ ಹಾಗೆ ಮಾಡಿದರೆ ಮಾತ್ರ ಒಂದು ಪ್ರತ್ಯೇಕ ಕಲಮಿದೆ. ಈ ಸಂಗತಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ವೈದ್ಯರ ಮುಂದೆ ನಿಜವನ್ನು ಮರೆಮಾಡಿದರೆ ಚಿಕಿತ್ಸೆಯೇ ತಪ್ಪಿಹೋಗಬಹುದು.

ಮನೆಯಲ್ಲಿರುವ ಕೀಟನಾಶಕ

ಈ ಇಲಾಖೆಗೆ ನೇರವಾಗಿ ಸಂಬಂಧಪಟ್ಟ ಮಾತೊಂದು ಉಳಿದಿದೆ. ಸಂಕಟದ ಆವೇಗವು ಬಹುಮಂದಿಯಲ್ಲಿ ಕೆಲವು ಗಳಿಗೆ, ಕೆಲವು ಗಂಟೆಗಳ ಕಾಲ ಮಾತ್ರ ಇರುತ್ತದೆ. ಆ ಹೊತ್ತಿನಲ್ಲಿ ವಿಷವು ಕೈಗೆಟಕದಿದ್ದರೆ ಪ್ರಾಣವು ಉಳಿಯುತ್ತದೆ. ಸಿಂಹಳದಲ್ಲಿ ನೂರೆಂಬತ್ತು ಹಳ್ಳಿಗಳನ್ನು ಆರಿಸಿ, ಅವುಗಳಲ್ಲಿ ಒಂದು ಪಾಲಿನ ಹಳ್ಳಿಗಳ ಮನೆಗಳಿಗೆ ಮಾತ್ರ ಬೀಗದ ಪೆಟ್ಟಿಗೆಗಳನ್ನು ಹಂಚಿ ನೋಡುವ ದೊಡ್ಡ ಪರೀಕ್ಷೆಯೊಂದು ನಡೆಯಿತು. ೨೦೧೭ರಲ್ಲಿ ಪ್ರಕಟವಾದ ಅದರ ಫಲವು ನಿರಾಶಾದಾಯಕ. ಪೆಟ್ಟಿಗೆಗಳಿಂದ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಮನೆಯೊಳಗೇ ಇರುತ್ತದೆಂಬುದನ್ನು ಯೋಚಿಸಿದರೆ ಇದು ಅಷ್ಟು ವಿಚಿತ್ರವಲ್ಲ. ಅದೇ ದೇಶದಲ್ಲಿ ಅತಿ ಉಗ್ರವಾದ ಕೀಟನಾಶಕಗಳ ಮಾರಾಟವನ್ನು ೧೯೮೦ರ ದಶಕದಿಂದ ಒಂದೊಂದಾಗಿ ನಿಷೇಧಿಸಿದುದರಿಂದ ಆತ್ಮಹತ್ಯೆಯ ಪ್ರಮಾಣವು ಅರ್ಧಕ್ಕಿಂತ ಹೆಚ್ಚಾಗಿ ಇಳಿಯಿತು. ತಮಿಳುನಾಡಿನಲ್ಲಿ ಕೀಟನಾಶಕಗಳನ್ನು ಮನೆಯ ಹೊರಗೆ, ಊರಿಗೊಂದು ಕಟ್ಟಡದಲ್ಲಿ, ರೈತರಿಗೆ ಒಂದೊಂದು ಬೀಗದ ಗೂಡು ಕೊಟ್ಟು, ನೋಡಿಕೊಳ್ಳಲು ಆಳನ್ನಿಟ್ಟು ಕಾಪಾಡುವ ಏರ್ಪಾಡನ್ನು ಎರಡು ಹಳ್ಳಿಗಳಲ್ಲಿ ಪರೀಕ್ಷಿಸಿದರು (೨೦೧೩). ರೈತರು ಅದನ್ನು ಒಪ್ಪಿ ಬಳಸಿದರು; ಸಾವುಗಳೂ ಕಡಿಮೆಯಾದುವು. ಪರೀಕ್ಷೆಯು ಚಿಕ್ಕದಾದುದರಿಂದ ಹೆಚ್ಚಾಗಿ ಹೇಳಬಾರದು.

ಆಸ್ಪತ್ರೆಯಿಂದ ಬಂದವನ ಮನೆಯ ವಿಷಯದಲ್ಲಿಯಾದರೂ ಇದನ್ನು ಕೂಡಲೇ ಮಾಡಬಹುದು. ಉಳಿದಿರುವ ಔಷಧವೆಲ್ಲವನ್ನೂ ಅವನ ತಿಳಿವಳಿಕೆಯಿಂದಲೇ ಬೇರೆಯವರ ಸುಪರ್ದಿಗೆ ಒಪ್ಪಿಸಿ, ಆ ಹದಿನೆಂಟು ತಿಂಗಳು ಅವನ ಪೈರಿಗೆ ಸಿಂಪಡಿಸುವ ಕೆಲಸವನ್ನು ನೆರೆಯವರು ಮಾಡಿಕೊಡುವುದು. ಮುಯ್ಯಾಳಿನ ಪದ್ಧತಿಯಿರುವ ಊರುಗಳಲ್ಲಿ ಇದು ಭಾರವೆನಿಸದು.

ಈ ಲೇಖಕನ ತಪ್ಪೊಂದನ್ನೂ ಹೇಳಿಬಿಡಬೇಕು. ಕೆಲವು ವರ್ಷಗಳ ಕೆಳಗೆ ಬೆಳೆನಷ್ಟದ ತನಿಖೆಗಾಗಿ ಒಂದು ಹಳ್ಳಿಗೆ ಹೋಗಿದ್ದಾಗ, ಹತ್ತು ದಿನಗಳ ಹಿಂದೆಯಷ್ಟೇ ಆಸ್ಪತ್ರೆಯಿಂದ ಬಂದಿದ್ದ ರೈತನೊಬ್ಬನ ಹೊಲವನ್ನು ಅಳೆದೆನು. ಸಂಗತಿಯು ನನಗೆ ಗೊತ್ತಿದ್ದಿತು. ಅವನು ಬದುವಿನ ಮೇಲೆ ನಿಂತು ನೋಡುತ್ತಿದ್ದನು. ನಾನು ಸರ್ವೆ ಸಂಖ್ಯೆಯನ್ನು ಕೇಳಿದೆನು, ವಿಮೆಯ ರಶೀದಿಯನ್ನು ಕೇಳಿದೆನು, ರುಜು ಹಾಕಿಸಿಕೊಂಡೆನು. ಹೇಗಿದ್ದೀರಿ ಎಂದು ಮಾತ್ರ ಕೇಳಲಿಲ್ಲ. ಕೇಳಿದರೆ ಅವನಿಗೆ ನಾಚಿಕೆಯಾದೀತೆಂದು ನನಗೆ ನಾನೇ ಹೇಳಿಕೊಂಡೆನು. ನಿಜವಾಗಿ ಸಂಕೋಚವಿದ್ದುದು ನನಗೆ. ಅವನು ಉಳಿದುಕೊಂಡನು. ಅದು ಆ ಊರಿನ ಶಾಲೆಯ ಉಪಾಧ್ಯಾಯಿನಿಯ ಪುಣ್ಯ. ಆಕೆಯು ಪ್ರತಿ ಭಾನುವಾರ ಸಂಜೆ ಅವನ ಮನೆಗೆ ದೂರವಾಣಿ ಮಾಡಿ, ಮಕ್ಕಳ ಪಾಠದ ನೆವದಿಂದ ಅವನೊಡನೆ ಐದು ನಿಮಿಷ ಮಾತನಾಡುತ್ತಿದ್ದರಂತೆ. ಎರಡು ವರ್ಷಗಳ ಮೇಲೆ ಸಂತೆಯಲ್ಲಿ ಸಿಕ್ಕಿದಾಗ ಅವನು ಹೇಳಿದುದಿಷ್ಟೆ: "ಭಾನುವಾರ ಮೇಷ್ಟ್ರಮ್ಮನ ಫೋನು ಬರುತ್ತದಲ್ಲ, ಅಲ್ಲಿಯವರೆಗೆ ನೋಡೋಣ ಎನ್ನಿಸುತ್ತಿತ್ತು ಸ್ವಾಮಿ."

ಈ ಕೆಲಸವನ್ನು ಕೈಕೊಳ್ಳುವವರು ಒಂದು ಚಿಕ್ಕ ಪುಸ್ತಕವನ್ನಿಟ್ಟು, ಹೆಸರಿನ ಬದಲು ಒಂದು ಗುರುತನ್ನು ಹಾಕಿ, ಒಂಬತ್ತು ತೇದಿಗಳನ್ನು ಮೊದಲೇ ಬರೆದುಕೊಳ್ಳುವುದು ಒಳ್ಳೆಯದು. ಪುಸ್ತಕವು ಪಂಚಾಯತಿ ಕಚೇರಿಯ ಮೇಜಿನ ಮೇಲೆ ಇರಕೂಡದು. ಬರೆಯುವವರ ಮನೆಯ ಪೆಟ್ಟಿಗೆಯಲ್ಲಿರಲಿ. ಕರೆಗೆ ಉತ್ತರ ಬಾರದಿದ್ದರೆ ಆ ಸಂಜೆಯೇ ಇನ್ನೊಮ್ಮೆ ಕರೆಯಬೇಕು. ಆಗಲೂ ಬಾರದಿದ್ದರೆ ಮಾರನೆಯ ದಿನಕ್ಕೆ ಕಾಯದೆ, ಬೇರೆ ಯಾವುದಾದರೊಂದು ಕೆಲಸದ ನೆವದಿಂದ ಆ ಮನೆಯವರೆಗೆ ನಡೆದು ಹೋಗಿ ಬರಬೇಕು.